ಮುಂದಿನ ಕ್ಯಾಮೆರಾದ ಕುಂಕುಮ

ಬನ್ನಿಮಂಟಪದ ಸ್ಟೀರಿಯೋ ಅಂಗಡಿಯವರು ಮೊನ್ನೆ ನನ್ನ ಹಳೇ ಕಾರಿನ ಮುಂದಿನ ಕ್ಯಾಮೆರಾ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಕೋಟಿನ ಗುಂಡಿಯಷ್ಟು ದೊಡ್ಡ ವಸ್ತು. ಗಾಜಿನ ಸುತ್ತಲ ಸಂದಿಯಲ್ಲಿ ಕೆಂಪು ಗಟ್ಟಿಯಾಗಿ ಕೂತಿತ್ತು. "ತುಕ್ಕು ಮೇಡಂ," ಎಂದರು. ತುಕ್ಕಂತೆ! ಉಗುರಿನಲ್ಲಿ ಕೆರೆದು ಮೂಸಿದೆ. ಗಂಧದ ವಾಸನೆ ಇನ್ನೂ ಇತ್ತೋ, ನನಗೇ ಹಾಗನ್ನಿಸಿತೋ... ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅದು ಮೇಷ್ಟ್ರ ಕಾರು. ಸರಸ್ವತಿಪುರಂನ ನಮ್ಮ ಬೀದಿಯಲ್ಲೇ ಅವರ ಮನೆ, ಗೇಟಿನ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಸ್ಟೀರಿಂಗ್ ಮುಟ್ಟಿದ ನನ್ನಂಥ ಪುಕ್ಕಲಿಗೂ ಕಾರು ಕಲಿಸಿದವರು. ಎಡಗಡೆ ಸೀಟಿನಲ್ಲಿ, ತಮ್ಮ ಕಾಲಡಿಗೂ ಒಂದು ಬ್ರೇಕು ಇಟ್ಟುಕೊಂಡು ಕೂರುತ್ತಿದ್ದರು. ರಿವರ್ಸ್ ಹಾಕುವಾಗ ನಾನು ಬರೀ ಕನ್ನಡಿ ನೋಡಿದರೆ ಸಿಟ್ಟು ನೆತ್ತಿಗೇರುತ್ತಿತ್ತು. "ಕತ್ತು ಏನಕ್ಕಮ್ಮ ಕೊಟ್ಟವ್ನೆ ದೇವ್ರು? ತಿರುಗ್ಸಿ ನೋಡು!" ಎಷ್ಟು ಬೈದರೂ ಪಾಠ ಮುಗಿದ ಮೇಲೆ ಟೀ ಕುಡಿಸದೆ ಕಳಿಸುತ್ತಿರಲಿಲ್ಲ.

ಅಂಥವರು ಒಂದು ದಿನ ಬಂದು, ಆ ಮುದಿ ಕಾರಿನ ಸ್ಟೀರಿಯೋ ಸ್ಕ್ರೀನಿಗೆ ಹಿಂದೊಂದು ಮುಂದೊಂದು ಕ್ಯಾಮೆರಾ ಹಾಕಿಸಬೇಕು, ಆರಿಸುವುದಕ್ಕೆ ಜೊತೆಗೆ ಬಾ ಎಂದಾಗ ನನಗೆ ನಗು ಬಂತು. ಪಾಠ ಹೇಳುವುದನ್ನು ಅವರು ಆಗಲೇ ನಿಲ್ಲಿಸಿದ್ದರು. ವಯಸ್ಸಾಯಿತು, ಸಾಕೆನ್ನಿಸಿರಬೇಕು ಎಂದುಕೊಂಡಿದ್ದೆವು. ಆವತ್ತು ಅದೇಕೋ ಕಾರನ್ನು ನನಗೇ ಓಡಿಸಲು ಹೇಳಿದರು.

ಬಂದದ್ದು ಇದೇ ಅಂಗಡಿಗೆ. ಹಿಂದಿನ ಕ್ಯಾಮೆರಾದ ವ್ಯಾಪಾರ ಬೇಗ ಮುಗಿಯಿತು. ಒಳಗೆ ನೀರು ಹೋಗಬಾರದು, ರಿವರ್ಸ್ ಗೇರ್ ಬಿದ್ದೊಡನೆ ತಾನೇ ಹತ್ತಿಕೊಳ್ಳಬೇಕು, ಅಷ್ಟೇ. ಮುಂದಿನದು ಎಂದಾಗ ಅಂಗಡಿಯವರು ತಲೆ ಕೆರೆದುಕೊಂಡರು. "ಮುಂದಕ್ಕೆ ಯಾಕೆ ಸಾರ್? ಮುಂದೆ ಗ್ಲಾಸೇ ಇದ್ಯಲ್ಲ!" ಮೇಷ್ಟ್ರು ನಗಲಿಲ್ಲ. ಒಂದೊಂದನ್ನೂ ಸ್ಕ್ರೀನಿಗೆ ಜೋಡಿಸಿ ತೋರಿಸಲು ಹೇಳಿದರು. ತೀರಾ ಅಗಲವಾಗಿ ತೋರಿಸುವ ಒಂದರಲ್ಲಿ, ಎದುರಿಗೇ ಇದ್ದ ನಾನು ರಸ್ತೆಯಾಚೆ ನಿಂತ ಹಾಗೆ ಕಾಣುತ್ತಿದ್ದೆ, ಬೇಡ ಎಂದರು. ಇನ್ನೊಂದು ಎಡವನ್ನು ಬಲ ಮಾಡಿ ತೋರಿಸುತ್ತಿತ್ತು. ಹಿಂದೆ ಹಾಕುವಂಥದನ್ನು ಮುಂದೆ ಹಾಕಿದರೆ ಹಾಗೇ ಅಂತೆ. ಕೊನೆಗೆ ಒಂದನ್ನು ಒಪ್ಪಿ, ಅದಕ್ಕೆ ಬೇರೆ ಸ್ವಿಚ್ ಬೇಕೆಂದರು. ಗಾಡಿ ಓಡುವಷ್ಟು ಹೊತ್ತೂ ಮುಂದಿನ ರಸ್ತೆ ಸ್ಕ್ರೀನಿನಲ್ಲಿ ಇರಬೇಕಂತೆ. ನೋಡಲು ಬಗ್ಗಿದಾಗ ಮೂಗು ಸ್ಕ್ರೀನಿಗೆ ತಾಗುವುದೊಂದು ಬಾಕಿ. ಇವರಿಗೆ ಕಣ್ಣು ಕಾಣುತ್ತಿಲ್ಲವೇ ಎಂದು ಆಗ ಹೊಳೆಯಿತು.

ವಾಪಸ್ ಬರುವಾಗ ಕೇಳಿಯೇಬಿಟ್ಟೆ. ಮೊದಲು ರೇಗಿದರು. ಆಮೇಲೆ ತಾವೇ ಹೇಳಿದರು. ಕಣ್ಣಿನ ಹಿಂದಿನ ಪರದೆ ಹಾಳಾಗಿದೆ, ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ. ಹತ್ತಿರದ್ದು ಒಂದಿಷ್ಟು ಕಾಣುತ್ತದೆ, ದೂರದ್ದೆಲ್ಲ ಕಲಸಿಹೋಗುತ್ತದೆ. ದೂರದ್ದನ್ನು ಮೂಗಿನ ಹತ್ತಿರಕ್ಕೆ ತಂದುಕೊಳ್ಳಲು ಈ ಕ್ಯಾಮೆರಾ.

"ಮೇಷ್ಟ್ರೇ, ಯಾರಾದ್ರೂ ಸತ್ತೋಗ್ತಾರೆ," ಎಂದೆ.

"ಕಾರು ಬುಟ್ರೆ ನಾನು ಯಾರಮ್ಮ?" ಎಂದರು.

ಸಿಟ್ಟು, ಸಂಕಟ ಎರಡೂ ಒಟ್ಟಿಗೇ ಬಂದು ಗೇರು ತಪ್ಪಾಗಿ ಹಾಕಿದೆ. ಅವರು ಬೈಯಲಿಲ್ಲ.

ಅವರ ಹೆಂಡತಿಗೆ ಹೇಳಿದೆ. "ಹೇಳಿ ಹೇಳಿ ಸಾಕಾಯ್ತು ಕಣಮ್ಮ," ಎಂದು ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮೇಷ್ಟ್ರು ಮಾತ್ರ ಬೆಳಿಗ್ಗೆ ಬೆಳಿಗ್ಗೆ ಮಂಡಕಳ್ಳಿ ಕಡೆ ಒಬ್ಬರೇ ಕಾರು ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಅವರ ಗೇಟಿನ ಸದ್ದು ಇನ್ನೊಮ್ಮೆ ಕೇಳುವತನಕ ನಾನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ರಸ್ತೆ ದಾಟುವ ಶಾಲೆ ಮಕ್ಕಳೇ ಕಣ್ಣ ಮುಂದೆ ಬರುತ್ತಿದ್ದರು...

ಹೀಗಿರುವಾಗ ಆಯುಧಪೂಜೆ ಬಂತು. ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಮೇಷ್ಟ್ರ ಹೆಂಡತಿ ಬಾನೆಟ್ಟಿಗೆ, ಸ್ಟೀರಿಂಗಿಗೆ ಗಂಧ ಕುಂಕುಮ ಇಟ್ಟು, ಆಮೇಲೆ ಎರಡೂ ಕ್ಯಾಮೆರಾಗಳ ಗಾಜಿಗೆ ಧಾರಾಳವಾಗಿ ಬಳಿದರು. "ಹೊಸ ಕಣ್ಣು, ದೃಷ್ಟಿಯಾಗ್ಬಾರ್ದು," ಎಂದರು. ಅಯ್ಯೋ, ನಾವೆಲ್ಲ ನಕ್ಕೆವು.

ಮೇಷ್ಟ್ರು ಹತ್ತಿ ಕೂತು ಸ್ಟಾರ್ಟ್ ಮಾಡಿದರು. ಆರತಿ ತಟ್ಟೆ ಹಿಡಿದು ಬಾನೆಟ್ಟಿನ ಮುಂದೆ ನಿಂತಿದ್ದ ನಾನು ಇನ್ನೂ ಪಕ್ಕಕ್ಕೆ ಸರಿದಿರಲಿಲ್ಲ. ನೇರ ಅವರ ಎದುರಿಗೇ ಇದ್ದೆ. ಅವರು ಸ್ವಿಚ್ ಒತ್ತಿದರು. ಸ್ಕ್ರೀನ್ ಒರೆಸಿದರು. ಮತ್ತೆ ಒತ್ತಿದರು, ಮತ್ತೆ ಒರೆಸಿದರು. ಅದರಲ್ಲಿ ಕುಂಕುಮ ಬಿಟ್ಟು ಇನ್ನೇನು ಕಂಡೀತು? ಕೊನೆಗೆ ಪಕ್ಕದ ಗಾಜು ಇಳಿಸಿ ಕೇಳಿದರು: "ಮುಂದೆ ಯಾರಾದ್ರೂ ಇದ್ದೀರಾ?"



"ನಾನಿದ್ದೀನಿ ಮೇಷ್ಟ್ರೇ," ಎಂದೆ. ದನಿ ಬಂದ ಕಡೆಗೆ ಮುಖ ಎತ್ತಿದರು. ಎಷ್ಟು ಹತ್ತಿರದಿಂದ ಬಂತು ಎಂದು ಅವರಿಗೆ ತಿಳಿದಿರಬೇಕು. ಇಂಜಿನ್ ಆರಿಸಿ ಇಳಿದರು. ಕಾರನ್ನು ಕೈಯಲ್ಲಿ ಸವರಿಕೊಂಡೇ ಸುತ್ತಿ ಬಂದು ನನಗೆ ಕೀ ಕೊಟ್ಟು, "ನೀನೇ ಹತ್ಸಮ್ಮ," ಎಂದು ಎಡಗಡೆ ಸೀಟಿನಲ್ಲಿ ಕೂತರು. ಕಾಲು ಅಭ್ಯಾಸದಂತೆ ತಮ್ಮ ಬ್ರೇಕಿನ ಮೇಲೆ ಹೋಯಿತು. ನಿಂಬೆಹಣ್ಣು ಪಚಕ್ಕೆಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ಅವರು ಬಲಗಡೆ ಸೀಟಿನಲ್ಲಿ ಕೂರಲಿಲ್ಲ. ಮಂಡಕಳ್ಳಿಯತನಕ ನಾನೇ ಕರೆದುಕೊಂಡು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಬೈಗುಳ, ಮೊದಲಿನ ಹಾಗೇ. ಕ್ಯಾಮೆರಾ ಒರೆಸಲು ಬಟ್ಟೆ ತಂದರೆ ಮಾತ್ರ "ಇರ್ಲಿ ಬುಡು" ಎನ್ನುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಕಾರನ್ನು ಹೆಂಡತಿ ನನಗೇ ಕೊಟ್ಟರು.

ಮೊನ್ನೆ ಕಾರಿನ ಹಿಂದಕ್ಕೊಂದು ಹೊಸ ಕ್ಯಾಮೆರಾ ಇದ್ದರೆ ಸಾಕೆಂದು ಅದನ್ನಷ್ಟೇ ಹಾಕಿಸಿಕೊಂಡು, ಬಿಚ್ಚಿದ ಮುಂದಿನದನ್ನು ಆಕೆಗೆ ಕೊಟ್ಟು ಬರಲು ಹೋದೆ. ಆಕೆ ಆ ಕೆಂಪನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು.

"ಬೇಕಂತ್ಲೇ ಬಳಿದೆ ಕಣಮ್ಮ ಆವತ್ತು," ಎಂದರು. "ಅವ್ರಿಗೂ ಗೊತ್ತಿತ್ತು. ಒಂದಿನಾನೂ ಕೇಳ್ಲಿಲ್ಲ."

ನನಗೆ ಅಳು ಬಂತು. ಅದನ್ನು ಆಕೆಯ ಕೈಯಲ್ಲೇ ಬಿಟ್ಟು ಬಂದು ಕಾರು ಹತ್ತಿ ರಿವರ್ಸ್ ಹಾಕಿದೆ. ಸ್ಕ್ರೀನು ತಾನೇ ಹತ್ತಿಕೊಂಡು ಹಿಂದಿನ ಬೀದಿಯನ್ನೆಲ್ಲ ತೋರಿಸಿತು. ನಾನು ಕತ್ತು ತಿರುಗಿಸಿದೆ. ಎಡಗಡೆ ಸೀಟು ಖಾಲಿಯಿತ್ತು.