ಹುಳಿಯಾದ ಎರಡನೇ ಡ್ರಮ್ಮು

ನಮ್ಮ ನೆರೆಮನೆಯ ಜಯ ಪೂಜಾರಿ ಮಸ್ಕತ್ತಿನಲ್ಲಿ ಹತ್ತೊಂಬತ್ತು ವರ್ಷ ದುಡಿದು ಊರಿಗೆ ಬಂದವನು. ಅಲ್ಲಿಂದ ಎಂತ ತಂದ ಎಂದು ಕೇಳಿದರೆ ಅವನ ಹೆಂಡತಿ ಹೇಮಾಕ್ಷಿ ಹೇಳುವುದು: ಒಂದು ಕಂಬಳಿ, ಒಂದು ಬೆನ್ನುನೋವು, ಒಂದು ಕೆಟ್ಟ ಅಭ್ಯಾಸ. ಕಂಬಳಿ ನಮ್ಮ ವಾಮಂಜೂರಿನ ಸೆಕೆಗೆ ಉಪಯೋಗವಿಲ್ಲ, ಕಪಾಟಿನಲ್ಲಿದೆ. ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ. ಕೆಟ್ಟ ಅಭ್ಯಾಸದ್ದು ದೊಡ್ಡ ಕಥೆ.

ಮಸ್ಕತ್ತಿನ ರೂಮಿನಲ್ಲಿ ಅವರು ಆರು ಜನ ಇದ್ದರು. ಅಡುಗೆ ಸರದಿಯಂತೆ. ಅಂದು ಅಡುಗೆ ಮಾಡಿದವನು, ಉಳಿದವರು ಬಟ್ಟಲಿಗೆ ಕೈ ಹಾಕುವ ಮೊದಲೇ, ಅಡುಗೆಯಲ್ಲಿ ಆದ ತಪ್ಪನ್ನು ತಾನೇ ಹೇಳಬೇಕು. ಉಪ್ಪು ಹೆಚ್ಚಾಗಿದೆ, ಅನ್ನ ತಳ ಹಿಡಿದಿದೆ, ಮೀನು ನಿನ್ನೆಯದು, ಹೀಗೆ. ಹೇಳಿದರೆ ಯಾರೂ ಬೈಯುವಂತಿಲ್ಲ. ಮುಚ್ಚಿಟ್ಟು ಇನ್ನೊಬ್ಬನ ನಾಲಗೆಗೆ ಸಿಕ್ಕಿಬಿದ್ದರೆ ಮರುದಿನದ ಅಡುಗೆಯೂ ಅವನದೇ. ಬಿಸಿಲಿನಲ್ಲಿ ದುಡಿದು ಬಂದವರು ಊಟದ ಮುಂದೆ ಜಗಳ ಮಾಡಬಾರದೆಂದು ಉಳ್ಳಾಲದ ಅರಾಫತ್ ಎಂಬವನು ಹಾಕಿದ ನಿಯಮ ಅದು. ಜಯನಿಗೆ ಅದು ಮೈಗೆ ಹತ್ತಿ ಹೋಯಿತು. ಊರಿಗೆ ಬಂದ ಮೇಲೆ ಹೇಮಾಕ್ಷಿ ಬಡಿಸುವಾಗಲೂ, "ಇವತ್ತು ತಪ್ಪು ಎಂತ?" ಎಂದು ಕೇಳಿದ. ಅಂದು ಅವನು ಊಟವಿಲ್ಲದೆ ಎದ್ದ.

ಕೈಯಲ್ಲಿದ್ದುದನ್ನೆಲ್ಲ ಹಾಕಿ ಜಯ ಮನೆಯ ಹಿಂದೆ ಗೇರುಹಣ್ಣಿನ ವೈನ್ ಮಾಡುವ ಸಣ್ಣ ಶೆಡ್ಡು ಕಟ್ಟಿಸಿದ. ಲೈಸೆನ್ಸಿಗಾಗಿ ಚಪ್ಪಲಿ ಸವೆಯುವಷ್ಟು ಅಲೆದ. ಅದು ಕೈಗೆ ಬಂದ ದಿನ ಹೇಮಾಕ್ಷಿ ಪಾಯಸ ಮಾಡಿದಳು. ಬಡಿಸುತ್ತಾ ಹೇಳಿದಳು, "ಹೊಸ ವರ್ಷದ ಒಳಗೆ ಈ ವೈನಿಂದ ಮನೆ ನಡಿಲಿಕ್ಕೆ ಶುರು ಆಗದಿದ್ರೆ ನೀವು ವಾಪಸ್ ಹೊರಡಿ. ಕಂಪೆನಿಯವರು ಕರಿತಾ ಇದ್ದಾರಲ್ಲ." ಜಯ ತಲೆಯಾಡಿಸಿದ. ಮಾತು ಹೇಳಿದವಳು ತಾನು ಪಾಯಸ ತಿನ್ನಲಿಲ್ಲ, ಉಳಿದಷ್ಟನ್ನೂ ನಮ್ಮ ಮನೆಗೆ ತಂದುಕೊಟ್ಟಳು.

ಗೇರುಹಣ್ಣಿನ ಕಾಲದಲ್ಲಿ ಹಣ್ಣಿನಿಂದ ಬೀಜ ತಿರುಚಿ ತೆಗೆಯುವ ಕೆಲಸಕ್ಕೆ ನನ್ನನ್ನು ಕರೆದರು. ಜಯ ರಸ ಹಿಂಡಿ, ಸಬ್ಬಕ್ಕಿ ಗಂಜಿ ಹಾಕಿ ಚೊಗರು ಇಳಿಸಿ, ಮೂರು ಡ್ರಮ್ಮುಗಳಲ್ಲಿ ಹುದುಗಲು ಇಟ್ಟ. ಶೆಡ್ಡಿನ ಹತ್ತಿರ ನಾವು ಗಟ್ಟಿಯಾಗಿ ನಕ್ಕರೂ ಅವನು "ಶ್" ಎನ್ನುತ್ತಿದ್ದ.

ಮಾರುವ ವಿಷಯ ನೋಡಿಕೊಳ್ಳಲು ಬಂದವಳು ಅವನ ತಂಗಿಯ ಮಗಳು ಅಶ್ಮಿತಾ. ಅಂಗಡಿ ಹೋಟೆಲಿನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸಿಕೊಡುವ ಆಫೀಸಿನಲ್ಲಿ ಅವಳಿಗೆ ಕೆಲಸ. ಮಾವನಿಗೊಂದು ಪೇಜು ಮಾಡಿಕೊಟ್ಟು, ಜಗಲಿಯಲ್ಲಿ ಕೂರಿಸಿ ಪಾಠ ಹೇಳಿದಳು.

"ಮಾವ, ಬರೀ ಫೋಟೋ ಹಾಕಿದ್ರೆ ಆಗುದಿಲ್ಲ. ಕಮೆಂಟ್ ಹಾಕಿದವರಿಗೆಲ್ಲ ನೀವೇ ಉತ್ತರ ಕೊಡ್ಬೇಕು. ಮನಸ್ಸಿಂದ ಮಾತಾಡ್ಬೇಕು. ಜೆನ್ಯೂನ್ ಇರ್ಬೇಕು."

"ಜೆನ್ಯೂನ್ ಅಂದ್ರೆ ಎಂತ ಮಾಡುದು?"

"ಸುಳ್ಳು ಹೇಳ್ಬಾರ್ದು."

"ಅಷ್ಟೆಯಾ? ಅದಕ್ಕೆ ನಿಮ್ಮ ಆಫೀಸಲ್ಲಿ ಸಂಬಳ ಬೇರೆ ಕೊಡ್ತಾರಾ ಮಾರಾಯ್ತಿ?"

ದೀಪಾವಳಿ ಕಳೆದು ಮೊದಲಿಗೆ ಸ್ವಲ್ಪ ವೈನ್ ಬಾಟಲಿಗೆ ಇಳಿಯಿತು. ಸಂಜೆ ಬಿಸಿಲಿನಲ್ಲಿ ಗ್ಲಾಸು ಹಿಡಿದ ಫೋಟೋ ಹಾಕಿದರು. ಚಿನ್ನದ ಬಣ್ಣ. ಅದಕ್ಕೆ ಬಂದ ಕೆಂಪು ಹೃದಯಗಳನ್ನು ಹೇಮಾಕ್ಷಿ ನನಗೆ ತೋರಿಸಿದಳು, ಬೆರಳಿನಿಂದ ಎಷ್ಟು ಮೇಲೆ ತಳ್ಳಿದರೂ ಮುಗಿಯಲಿಲ್ಲ. ಎಲ್ಲ ಮಸ್ಕತ್, ದುಬೈ, ಬಹರೈನಿನವು. "ನಮ್ಮೂರ ಗೇರುಹಣ್ಣು, ಕಣ್ಣಲ್ಲಿ ನೀರು ಬಂತು" ಎಂದು ಒಬ್ಬ. ಜಯ ಊಟವಾದ ಮೇಲೆ ಕನ್ನಡಕ ಹಾಕಿ, ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಪ್ರತಿಯೊಬ್ಬರಿಗೂ ಉತ್ತರ ಬರೆದ. ಪಡೀಲಿನಲ್ಲಿ ಯಾವ ಮನೆ, ಅಪ್ಪನ ಹೆಸರೆಂತ, ಬೆನ್ನುನೋವು ಹೇಗುಂಟು. ಅಶ್ಮಿತಾಳಿಗೆ ಬಹಳ ಖುಷಿಯಾಯಿತು. ಇಷ್ಟು ನಿಜವಾದ ಜನ ತಮ್ಮ ಆಫೀಸಿನ ಯಾವ ಗಿರಾಕಿಗೂ ಇಲ್ಲ ಎಂದಳು.

ನಿಜವಾದ ಜನರೇ. ಆದರೆ ಅವರಿಗೆ ವೈನ್ ಕಳಿಸುವ ಹಾಗಿಲ್ಲ. ಕಳಿಸುವುದೇ ಬೇಡ ಎಂಬಷ್ಟು ಹತ್ತಿರ ಇದ್ದವರು ಬರಲಿಲ್ಲ. ಕ್ರಿಶ್ಚಿಯನ್ನರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ವೈನ್ ಅವರವರೇ ಮಾಡಿಕೊಳ್ಳುತ್ತಾರೆ. ನಮ್ಮ ಗಂಡಸರಿಗೆ ವೈನ್ ಕುಡಿದರೆ ಕುಡಿದ ಹಾಗೆ ಆಗುವುದಿಲ್ಲ. ಬಾಟಲಿಗಳು ಶೆಲ್ಫಿನಲ್ಲಿ ನಿಂತವು.

"ಇವತ್ತು ಹೃದಯ ಎಷ್ಟು ಬಂತು?" ಹೇಮಾಕ್ಷಿ ಅಡುಗೆಮನೆಯಿಂದ ಕೇಳುವಳು. "ಇತ್ತ ಕೊಡಿ, ಒಗ್ಗರಣೆ ಹಾಕ್ತೇನೆ."

ಆಗ ಅರಾಫತ್‌ನ ಕಮೆಂಟು ಬಂತು. ಅವನು ಇನ್ನೂ ಅದೇ ರೂಮಿನಲ್ಲಿದ್ದಾನೆ. "ಜಯಣ್ಣ, ನಾನು ಕುಡಿಯುವವನಲ್ಲ, ನಿಂಗೆ ಗೊತ್ತುಂಟು. ಫೋಟೋ ಚಂದ ಉಂಟು. ಆದ್ರೆ ತಪ್ಪು ಹೇಳದೆ ಬಡಿಸ್ತಾ ಇದ್ದೀಯಲ್ಲ?"

ಅಂದು ಜಯನ ಕಾಫಿ ಕುಡಿಯದೆ ಆರಿಹೋಯಿತು. ನಂತರ ಬರೆದ: "ಒಂದನೇ ಮತ್ತು ಮೂರನೇ ಡ್ರಮ್ಮು ಒಳ್ಳೆಯದಾಗಿದೆ. ಎರಡನೆಯದು ಹುಳಿಯಾಗಿದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದದ್ದನ್ನು ನಾನು ನೋಡಲಿಲ್ಲ. ಬಾಯಿಗೆ ಹಾಕಿದರೆ ಕಣ್ಣು ಮುಚ್ಚಿಹೋಗುತ್ತದೆ. ಅದನ್ನು ಬಾಟಲಿಗೆ ತುಂಬಿಸಿಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ."

ಗಲ್ಫಿನವರೆಲ್ಲ ಓದಿದ ಮೇಲೆ ಹೆಂಡತಿ ಓದಿದಳು. ಸೌಟು ಹಿಡಿದುಕೊಂಡೇ ಜಗಲಿಗೆ ಬಂದಳು. ಸಂಜೆ ಅಶ್ಮಿತಾ ಸ್ಕೂಟರಿನಲ್ಲಿ ಓಡಿಬಂದಳು.

"ಮಾವ, ಡಿಲೀಟ್ ಮಾಡಿ ಅದನ್ನು!"

"ಸುಳ್ಳು ಹೇಳ್ಬಾರ್ದು ಅಂತ ನೀನೇ ಹೇಳಿದ್ದಲ್ವಾ?"

"ಸುಳ್ಳು ಹೇಳ್ಬಾರ್ದು ಅಂದೆ. ಎಲ್ಲ ಹೇಳಿ ಅಂತ ಹೇಳ್ಲಿಲ್ಲ!"

ಮರುದಿನ ಬೆಳಿಗ್ಗೆ ಗೇಟಿನಲ್ಲಿ ರಿಕ್ಷಾ ನಿಂತಿತು. ಖಾಲಿ ಕ್ಯಾನು ಹಿಡಿದು ಇಳಿದವರು ಕುಲಶೇಖರದ ಏವ್ರಿಲ್ ಬಾಯಿ; ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ನಾವು ಬಾಯಿ ಎಂದೇ ಕರೆಯುವುದು. ಮನೆಯಲ್ಲೇ ಸಿಗಡಿ ಉಪ್ಪಿನಕಾಯಿ ಮಾಡಿ ಮಾರುವವರು. ಮಸ್ಕತ್ತಿನಲ್ಲಿರುವ ಮೈದುನ ಅವರಿಗೆ ಜಯನ ಬರಹ ಕಳಿಸಿದ್ದನಂತೆ.

"ಆ ಹುಳಿಯಾದದ್ದು ಚೆಲ್ಲಿದ್ರಾ?"

"ಇಲ್ಲ ಬಾಯಿ. ಚೆಲ್ಲಲಿಕ್ಕೆ ಮನಸ್ಸು ಬರ್ಲಿಲ್ಲ."

ಏವ್ರಿಲ್ ಬಾಯಿ ಸೌಟಿನಲ್ಲಿ ತೆಗೆದು ನಾಲಗೆಗೆ ಇಟ್ಟರು. ಎರಡೂ ಕಣ್ಣು ಮುಚ್ಚಿದವು. ತೆರೆಯುವಾಗ ಮುಖ ಅರಳಿತ್ತು. "ಇದು ವಿನೆಗರ್ ಮಾರಾಯ್ರೆ, ಹಣ್ಣಿನ ವಿನೆಗರ್! ಮೊದಲು ಕಳ್ಳಿನದ್ದು ಸಿಗ್ತಿತ್ತು, ಈಗ ಎಲ್ಲುಂಟು? ಅಂಗಡಿ ಬಾಟ್ಲಿದು ಹಾಕಿದ್ರೆ ಸಿಗಡಿ ರಬ್ಬರ್ ಆಗ್ತದೆ."

ಜಯ ಆಸೆಯಿಂದ ಒಂದನೇ ಡ್ರಮ್ಮಿನದನ್ನು ಗ್ಲಾಸಿಗೆ ಹಾಕಿ ಕೊಟ್ಟ. ಅವರು ಕುಡಿದು, "ಒಳ್ಳೇದುಂಟು, ಒಳ್ಳೇದುಂಟು" ಎಂದು ಮರ್ಯಾದೆಗೆ ಎರಡು ಸಲ ಹೇಳಿ, ಕ್ಯಾನು ತುಂಬ ಹುಳಿ ತುಂಬಿಸಿಕೊಂಡು ಹೋದರು.

ಹೋದವರು ಜಯನ ಬರಹದ ಕೆಳಗೆ ಬರೆದರು: "ಈ ಮನುಷ್ಯ ಹುಳಿ ಅಂದದ್ದು ಹುಳಿಯೇ. ನಾನು ನೋಡಿ ತಂದೆ." ಆಮೇಲೆ ಬರತೊಡಗಿದರು. ಉಪ್ಪಿನಕಾಯಿ ಮಾಡುವ ಹೆಂಗಸರು, ಹಂದಿಮಾಂಸದ ಸಾರಿಗೆ ಹೆಸರಾದ ಹೋಟೆಲಿನವರು, ಗಲ್ಫಿನಿಂದ ಮಗ ಫೋನು ಮಾಡಿ ಕಳಿಸಿದ ಅಮ್ಮಂದಿರು. ಎಲ್ಲರೂ ಚಿನ್ನದ ಬಣ್ಣದ ಬಾಟಲಿಗಳ ಮುಂದಿನಿಂದಲೇ ಹಾದು ಡ್ರಮ್ಮಿನ ಕಡೆಗೆ ಹೋದರು. ಜಯ ಪ್ರತಿಯೊಬ್ಬರಿಗೂ ಗ್ಲಾಸು ಕೊಟ್ಟ. ಪ್ರತಿಯೊಬ್ಬರೂ ಒಳ್ಳೇದುಂಟು ಎಂದರು. ಎರಡನೇ ಡ್ರಮ್ಮಿನ ತಳ ಕಂಡಿತು. ಇನ್ನೂ ಬೇಕು ಎಂದು ಏವ್ರಿಲ್ ಬಾಯಿಯೂ ಹೋಟೆಲಿನವರೂ ಮುಂಗಡವಾಗಿ ಹೇಳಿ ಹೋದರು.

"ಇನ್ನು ಹುಳಿ ಇಲ್ಲ" ಎಂದು ಜಯ ನೊಂದು ಹೇಳಿದ. "ಒಳ್ಳೆಯದು ಮಾತ್ರ ಇರುದು."

ಕ್ರಿಸ್ಮಸ್ಸಿಗೆ ಮೊದಲು ಕಂಪೆನಿಯಿಂದ ಮೆಸೇಜು ಬಂತು: ಬರುವುದಾದರೆ ವಾರದೊಳಗೆ ತಿಳಿಸಬೇಕು. ಜಯ ಉತ್ತರ ಕೊಡದೆ ಶೆಡ್ಡಿಗೆ ಹೋಗಿ ಕುಳಿತ. ಒಂದನೇ ಡ್ರಮ್ಮಿನಿಂದ ಒಂದು ಹನಿ ತೆಗೆದು ರುಚಿ ನೋಡಿದ. ನಾನು ಕುಡಿಯುವವಳಲ್ಲ. ಆದರೆ ಅವನ ಮುಖ ನೋಡಿದರೆ ಅದು ಬಹಳ ಒಳ್ಳೆಯ ವೈನೇ ಇರಬೇಕು.

ಹೇಮಾಕ್ಷಿ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಒಂದನೇ ಡ್ರಮ್ಮಿನ ಮುಚ್ಚಳ ತಿರುಗಿಸಿ ತೆಗೆದಳು. ಎರಡನೆಯದರ ತಳದಲ್ಲಿ ಉಳಿದಿದ್ದ ಹುಳಿಯನ್ನು ಅದಕ್ಕೆ ಹೊಯ್ದಳು. ಮುಚ್ಚಳದ ಬದಲು ತನ್ನ ಹಳೆಯ ತೆಳು ಸೀರೆಯ ತುಂಡನ್ನು ಡ್ರಮ್ಮಿನ ಬಾಯಿಗೆ ಕಟ್ಟಿದಳು.

"ಎಂತ ಮಾಡ್ತಿದ್ದಿ? ಹಾಳಾಗ್ತದೆ ಅದು!"

"ಹಾಳಾಗ್ಲಿ. ವೈನ್ ಮಸ್ಕತ್ತಿಗೆ ಹೋಗ್ಲಿಕ್ಕಿಲ್ಲ. ನೀವೂ ಹೋಗುದು ಬೇಡ."

ಜಯ ಎದ್ದು ಬಂದು, ಅವಳು ಕಟ್ಟಿದ ಗಂಟು ಸಡಿಲ ಇದೆ ಎಂದು ಹೇಳಿ, ಬಿಚ್ಚಿ ಬಿಗಿಯಾಗಿ ಕಟ್ಟಿದ.

ಅಶ್ಮಿತಾಳ ಆಫೀಸಿನಲ್ಲಿ ಈಗ ಎಲ್ಲ ಗಿರಾಕಿಗಳಿಗೂ ಮೊದಲು ನಿಮ್ಮ ತಪ್ಪು ಹೇಳಿ ಎಂದು ಕಲಿಸುತ್ತಾರಂತೆ. ಪೇಟೆಯ ಒಂದು ಬೇಕರಿಯವರು ಹಾಕಿದ್ದಾರೆ: "ನಮ್ಮ ಕೇಕು ಅತಿಯಾಗಿ ರುಚಿಯಾಗಿರುವುದೇ ನಮ್ಮ ತಪ್ಪು." ಅಲ್ಲಿಗೆ ಯಾರೂ ಕ್ಯಾನು ಹಿಡಿದು ಹೋದ ಸುದ್ದಿ ಇಲ್ಲ.

ಜಯನ ಬೋರ್ಡಿನಲ್ಲಿ ಈಗಲೂ ವೈನ್ ಎಂದೇ ಇದೆ. ಮೊನ್ನೆ ಪೇಜಿನಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದ: "ಈ ಸಲದ ತಪ್ಪು. ಒಂದನೇ ಡ್ರಮ್ಮಿನಲ್ಲಿ ಇನ್ನೂ ಸ್ವಲ್ಪ ವೈನಿನ ರುಚಿ ಉಳಿದಿದೆ. ಪೂರ್ತಿ ಹೋಗುವವರೆಗೆ ದಯವಿಟ್ಟು ಕಾಯಬೇಕು."

ಕೆಳಗೆ ಮೊದಲ ಉತ್ತರ ಅರಾಫತ್‌ನದು: "ಸರಿ, ಈಗ ಬಡಿಸು."