ನಡುನೀರಿನಲ್ಲಿ ಮೂರು ಸಲ ನಿಂತ ಎಂಜಿನ್

ನಮ್ಮಪ್ಪನಿಗೆ ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಉಪವಾಸಕ್ಕಿಂತ ಕಷ್ಟ. ಆದರೂ ಅವತ್ತು ಒಪ್ಪಿಕೊಂಡಿದ್ದ.

ಹಂಪಸಾಗರದ ಹತ್ತಿರ ತುಂಗಭದ್ರೆಯ ಹಿನ್ನೀರು ದಾಟಿಸುವ ಕಬ್ಬಿಣದ ದೋಣಿ ನಮ್ಮದು. ಅದಕ್ಕೆ ಕೂರಿಸಿರುವುದು ಪಂಪ್‌ಸೆಟ್ಟಿನ ಹಳೆಯ ಡೀಸೆಲ್ ಎಂಜಿನ್. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅಪ್ಪನ ಬಲಭುಜ ಸೋತಿತ್ತು. ನಾನು ನಡೆಸುತ್ತೇನೆ ಅಂತ ವರ್ಷದಿಂದ ಗಂಟುಬಿದ್ದಿದ್ದೆ. ಅಷ್ಟರಲ್ಲಿ ನನ್ನ ಸೋದರಮಾವ ಹೊಸಪೇಟೆಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಹುಡುಕಿ, ಆ ದಿನದೊಳಗೆ ಉತ್ತರ ಹೇಳಿ ಎಂದಿದ್ದ. ಫ್ಯಾನಿನ ಕೆಳಗೆ ಕೂತು ತಿಂಗಳ ಸಂಬಳ ಎಣಿಸುವ ಕೆಲಸ. ನನಗೆ ಬೇಡವಾಗಿತ್ತು, ನೀರು ಬೇಕಿತ್ತು.

"ಒಂದು ದಿನ ನಡಸು," ಅಂದ ಅಪ್ಪ. "ನಾ ತುಟಿ ಬಿಚ್ಚಂಗಿಲ್ಲ. ಎಂಜಿನ್ನಿಗೆ ನಾ ಕೈ ಹಚ್ಚೋ ಹಂಗ ಆತು ಅಂದ್ರ, ಮರುದಿನ ಹೊಸಪೇಟಿ ಬಸ್ ಹತ್ತಬೇಕು ನೋಡು."

ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಚಾಚಾ ಒಬ್ಬರ ಅಂಗಡಿಯಲ್ಲಿ ನಾನು ಎರಡು ಬೇಸಿಗೆ ಸ್ಪ್ಯಾನರ್ ಹಿಡಿದವಳು. ನನಗೇನು ಭಯ? ನಸುಕಿನಲ್ಲೇ ಎದ್ದು ದೋಣಿ ತೊಳೆದು, ಎಂಜಿನ್ ಒರೆಸಿ, ಮದುವೆ ಮನೆಯಂಥ ಸಡಗರದಲ್ಲಿ ಪೂಜೆ ಮಾಡಿದೆ. ಊದುಬತ್ತಿ, ಹೂವು, ನೆನೆಸಿದ ವಿಭೂತಿ. ಕಂಡ ಕಂಡಲ್ಲೆಲ್ಲ ಮೂರು ಬೆರಳು ಎಳೆದೆ. ಆಮೇಲೆ ಹ್ಯಾಂಡಲ್ ತಿರುಗಿಸಿದೆ, ಎಂಜಿನ್ ಮೊದಲ ಏಟಿಗೇ ಎದ್ದಿತು. ನಾನು ಜೋರಾಗಿ ಕೇಕೆ ಹಾಕಿದ್ದಕ್ಕೆ ದಡದ ಕೊಕ್ಕರೆಗಳೆಲ್ಲ ಹಾರಿಹೋದವು.

ನಡುನೀರಿಗೆ ಹೋಗುವಷ್ಟರಲ್ಲಿ ಅದು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ದೋಣಿಯಲ್ಲಿ ಹನ್ನೆರಡು ಜನ. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಆಕಾಶ ನೋಡಿದ. "ಎಣ್ಣಿ ಬರೋ ದಾರಿ ಹಿಡದು ನಡಿ ಬೇಟಿ, ಟ್ಯಾಂಕಿಲಿಂದ ಶುರು ಮಾಡು," ಎಂದು ಚಾಚಾ ಹೇಳಿಕೊಟ್ಟಿದ್ದರು. ಮುಚ್ಚಳ ಬಿಚ್ಚಿ ನೋಡಿದೆ, ಅರ್ಧ ಟ್ಯಾಂಕ್ ಡೀಸೆಲ್ ಇತ್ತು. ಹಾಗಾದರೆ ಪೈಪಿನಲ್ಲಿ ಗಾಳಿ ಸೇರಿದೆ ಅಂದುಕೊಂಡೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದೆ. ಗುಳುಗುಳು ನೊರೆ ಬಂತು, ಹಿಂದೆಯೇ ಡೀಸೆಲ್ ಚಿಮ್ಮಿ ಮೂಗಿಗೆ ಬಡಿಯಿತು. ಸ್ಕ್ರೂ ಬಿಗಿದು ಹ್ಯಾಂಡಲ್ ತಿರುಗಿಸಿದೆ. ಸ್ಟಾರ್ಟ್! ನಾನು ಆಗ ಚುಕ್ಕಾಣಿ ಹಿಡಿದು ನಿಂತ ಠೀವಿ ನೋಡಬೇಕಿತ್ತು.

ಠೀವಿ ಹತ್ತು ನಿಮಿಷ ಬಾಳಿತು. ಎಂಜಿನ್ ಮತ್ತೆ ಕೆಮ್ಮಿತು, ಮತ್ತೆ ನಿಂತಿತು.

"ಇದು ಎಂಜಿನ್ ಅಲ್ಲಬೇ, ನಮ್ಮ ಸಣ್ಣ ಸೊಸಿ," ಅಂದಳು ಬದನೆಕಾಯಿ ಬುಟ್ಟಿಯ ಜೊತೆ ಕೂತಿದ್ದ ತಂಬ್ರಹಳ್ಳಿಯ ಅಜ್ಜಿ. "ನಾಕ್ ಹೆಜ್ಜಿಗೊಮ್ಮೆ ಸಿಟ್ಟಾಗಿ ಕುಂದರತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಹೊಟ್ಟೆಯೊಳಗೆ ಹೊಸಪೇಟೆ ಬಸ್ಸಿನ ಹಾರನ್ ಕೇಳಿಸುತ್ತಿತ್ತು. ಡೀಸೆಲ್ ಇದೆಯೋ ಇಲ್ಲವೋ ಎಂದು ಮತ್ತೆ ಮುಚ್ಚಳ ಬಿಚ್ಚಿ ನೋಡಿ ಹಾಕಿದೆ. ಈ ಸಲ ಫಿಲ್ಟರನ್ನೇ ಬಿಚ್ಚಿ ತೊಳೆದೆ, ಗಾಳಿ ತೆಗೆದೆ. ಸ್ಟಾರ್ಟ್ ಆಯಿತು. ಹತ್ತು ನಿಮಿಷಕ್ಕೆ ಮೂರನೇ ಸಲ ನಿಂತಿತು.

ಗಾಳಿಗೆ ದೋಣಿ ನಿಧಾನವಾಗಿ ಅಡ್ಡ ತಿರುಗತೊಡಗಿತು. ಅಪ್ಪ ಮಂಡಿಯ ಮೇಲೆ ಕೈ ಊರಿ ಅರ್ಧ ಎದ್ದ. ಮುಗಿಯಿತು ಅಂದುಕೊಂಡೆ.

"ಕುಂದ್ರಪ್ಪಾ!" ಎಂದು ಕಿರುಚಿದೆ.

ಅಪ್ಪ ಕುಳಿತ. ನಾನೂ ಎಂಜಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಎರಡು ಸಲವೂ ಏನು ಮಾಡಿದ ಮೇಲೆ ಅದು ಎದ್ದಿತು ಎಂದು ಲೆಕ್ಕ ಹಾಕಿದೆ. ಒಮ್ಮೆ ಗಾಳಿ ತೆಗೆದಿದ್ದೆ, ಒಮ್ಮೆ ಫಿಲ್ಟರ್ ತೊಳೆದಿದ್ದೆ. ಅದಕ್ಕೂ ಮುಂಚೆ, ಎರಡೂ ಸಲ, ಟ್ಯಾಂಕಿನ ಮುಚ್ಚಳ ಬಿಚ್ಚಿದ್ದೆ! ಮುಚ್ಚಳದ ನಡುವೆ ಒಂದು ಸಣ್ಣ ತೂತಿರುತ್ತದೆ. ಡೀಸೆಲ್ ಕೆಳಗಿಳಿದ ಹಾಗೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಡೀಸೆಲ್ ಇಳಿಯುವುದೇ ಇಲ್ಲ. ಬಗ್ಗಿ ನೋಡಿದೆ. ತೂತು ಎಲ್ಲಿದೆ? ಅದರ ಮೇಲೆ ನನ್ನದೇ ಮೂರು ಬೆರಳಿನ ವಿಭೂತಿ, ಎಂಜಿನ್ ಕಾವಿಗೆ ಒಣಗಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿದೆ. ಸುಸ್ಸೆಂದು ಟ್ಯಾಂಕ್ ಉಸಿರೆಳೆದುಕೊಂಡಿತು. ನನಗೆ ನಗು ಎಲ್ಲಿಂದ ಬಂತೋ ಗೊತ್ತಿಲ್ಲ, ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

"ಏನಾಗಿತ್ತವ್ವಾ?" ಅಜ್ಜಿ ಕೇಳಿದಳು.

ಡೀಸೆಲ್ಲಿನಲ್ಲಿ ಕಸ ಇತ್ತು ಅಂತ ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು. ಆದರೆ ನಗುವಾಗ ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಪೂಜಿ ಮಾಡೋಕ ಹೋಗಿ ಅದರ ಮೂಗಿಗೇ ವಿಭೂತಿ ಮೆತ್ತೀನಬೇ," ಅಂದೆ.

"ಅಯ್ಯ ನಿನ್ನ! ಭಕ್ತಿ ಹೆಚ್ಚಾದ್ರ ದೇವ್ರಿಗೂ ಉಸುರು ಕಟ್ಟತೈತಿ ಬಿಡು."

ದೋಣಿಯೇ ಅಲ್ಲಾಡುವಂತೆ ನಕ್ಕರು. ಅಪ್ಪನ ಬಾಯಿಂದ ಟವೆಲು ಬಿದ್ದೇ ಹೋಯಿತು.

"ತುಟಿ ಬಿಚ್ಚಿದ್ಯಲ್ಲಪ್ಪಾ!" ಅಂದೆ.

"ನಕ್ಕೀನಿ ಲೇ, ಮಾತಾಡಿಲ್ಲ," ಅಂದ ಕಣ್ಣೊರೆಸಿಕೊಳ್ಳುತ್ತ.

ಗಾಳಿ ತೆಗೆದು ಹ್ಯಾಂಡಲ್ ತಿರುಗಿಸಿದೆ. ಈ ಸಲ ಎಂಜಿನ್ನಿನ ಸದ್ದು ಒಂದೇ ಹದಕ್ಕೆ ಬಂತು. ಹತ್ತು ನಿಮಿಷವಾಯಿತು, ಹದಿನೈದಾಯಿತು, ಕೆಮ್ಮಲಿಲ್ಲ. ಡೀಸೆಲ್ ಮೆತ್ತಿದ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಇಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಆಚೆ ದಡ ಇನ್ನೂ ಸ್ವಲ್ಪ ದೂರವಿರುವಾಗ ಅಪ್ಪ ಚುಕ್ಕಾಣಿಯ ಪಕ್ಕದ ತನ್ನ ಜಾಗದಿಂದ ಎದ್ದ. ಎಂಜಿನ್ನಿನ ಪಕ್ಕ ಹಾದು ಮುಂದೆ ಹೋಗಿ, ಜನರ ನಡುವೆ ಜಾಗ ಮಾಡಿಕೊಂಡು ಕುಳಿತ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮಾವನ ಫೋನು. ಎಂಜಿನ್ ಸದ್ದಿನ ಮೇಲೆ ಅಪ್ಪ ಕೂಗಿ ಹೇಳಿದ್ದು ನನಗೂ ಕೇಳಿಸಿತು.

"ಇಲ್ಲಪಾ, ಆಕಿ ಬರಂಗಿಲ್ಲ. ದೋಣಿ ಯಾರು ನಡಸಬೇಕು? ನಾನಾ? ಏ, ನಾ ಈಗ ಪ್ಯಾಸೆಂಜರ್ ಅದೀನಪಾ."