ಹನ್ನೆರಡು ಫರಸಿಯ ವೆಬ್‌ಸೈಟ್

ಶಹಾಬಾದಿನಲ್ಲಿ ಲುಂಬಿನಿಯ ಮನೆಗೆ ಹೋದವರು ಚಪ್ಪಲಿ ಬಿಟ್ಟ ಮೇಲೆ ಇನ್ನೊಂದು ಕೆಲಸ ಮಾಡಬೇಕು. ಒಳಗೆ ಕಾಲಿಡುವ ಮೊದಲು ನೆಲ ಓದಬೇಕು.

ಆ ಮನೆಯ ಪಡಸಾಲೆಗೆ ಊರಿನದೇ ಕಲ್ಲು ಹಾಸಿದೆ. ಚೌಕಾಕಾರದ ಬೂದುಬಣ್ಣದ ಫರಸಿಗಳು, ಅಗಲಕ್ಕೆ ಸರಿಯಾಗಿ ಹನ್ನೆರಡು. ವೆಬ್‌ಸೈಟ್ ವಿನ್ಯಾಸ ಮಾಡುವವರು ಪುಟವನ್ನು ಸಾಮಾನ್ಯವಾಗಿ ಹನ್ನೆರಡು ಉದ್ದನೆಯ ಕಾಲಮ್‌ಗಳಾಗಿ ಭಾಗ ಮಾಡಿಕೊಳ್ಳುತ್ತಾರೆ. ಉಳಿದವರು ಆ ಗೆರೆಗಳನ್ನು ಪರದೆಯ ಮೇಲೆ ಎಳೆದುಕೊಂಡರೆ, ಇಪ್ಪತ್ತೇಳರ ಲುಂಬಿನಿಗೆ ಅವು ಹುಟ್ಟಿದಾಗಿನಿಂದ ಕಾಲಡಿಯಲ್ಲೇ ಇವೆ. ಅಡುಗೆಮನೆಗೆ ಹೋಗುವ ಒಳದಾರಿಯ ಅಗಲ ನಾಲ್ಕೇ ಫರಸಿ, ಅದು ಮೊಬೈಲಿನ ಪುಟ. ಸೀಮೆಸುಣ್ಣದಲ್ಲಿ ಎರಡೂ ಪುಟ ಬರೆದು, ಟ್ರಂಕಿನ ಮೇಲೆ ಹತ್ತಿ ಫೋಟೊ ತೆಗೆದ ಮೇಲೆಯೇ ಆಕೆ ಲ್ಯಾಪ್‌ಟಾಪ್ ತೆರೆಯುವುದು. ಈ ಕ್ರಮ ಒಮ್ಮೆಯೂ ತಪ್ಪಿಲ್ಲ.

ಬೇರೆ ಕ್ರಮಗಳೂ ಇವೆ. ಬೆಳಿಗ್ಗೆ ಹನ್ನೊಂದರವರೆಗೆ ಫೋನು ಜೋಳದ ಡಬ್ಬಿಯೊಳಗೆ ಇರುತ್ತದೆ. ಪಕ್ಕದ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಯಂತ್ರ ಕಿವಿಗಡಚಿಕ್ಕುವಂತೆ ಓಡುವಷ್ಟು ಹೊತ್ತು ಲುಂಬಿನಿ ಕೆಲಸ ಮಾಡುತ್ತಾಳೆ, ಅದು ನಿಂತಾಗ ಎದ್ದು ನೀರು ಕುಡಿಯುತ್ತಾಳೆ. ಒಂದು ಪುಟ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಬರಿಯ ಅಕ್ಷರಕ್ಕೆ ಬಿಳಿ ಸುಣ್ಣ, ಒತ್ತುವ ಜಾಗಕ್ಕೆ ನೀಲಿ, ಇನ್ನೂ ತೀರ್ಮಾನ ಆಗದ್ದಕ್ಕೆ ಗುಲಾಬಿ.

ಕೊನೆಯ ಪರೀಕ್ಷೆ ಅಜ್ಜಿ ಪೀರಮ್ಮನದು. ಪೀರಮ್ಮನಿಗೆ ಓದು ಬಾರದು. ಮುಂಬಾಗಿಲಿನಿಂದ ಹೊರಟು, ಯಾರನ್ನೂ ಕೇಳದೆ ಬೇಕಾದ ನೀಲಿ ಚೌಕಕ್ಕೆ ಬಂದು ನಿಂತರೆ ಪುಟ ಪಾಸು. ಒಮ್ಮೆ ಅವರು ಇಡೀ ಪುಟ ದಾಟಿ ಹಿತ್ತಲ ಬಾಗಿಲಿನಿಂದ ಹೊರಗೇ ಹೋಗಿಬಿಟ್ಟರು. ಲುಂಬಿನಿ ಅಷ್ಟನ್ನೂ ಒರೆಸಿ ಮತ್ತೆ ಬರೆದಳು.

ಇಷ್ಟೆಲ್ಲ ಮಾಡಿಯೂ ಆಕೆಗೆ ಒಂದು ಕೊರತೆ ಇತ್ತು. ಯಾವ ನೌಕರಿಯೂ ಇಲ್ಲದೆ ಮನೆಯಿಂದಲೇ ದುಡಿಯುವ ಆಕೆಗೆ ಕೆಲಸ ಬರುತ್ತಿದ್ದುದು ಪುಣೆಯ ಒಂದು ಸಂಸ್ಥೆಯಿಂದ. ಮಾಡಿಕೊಟ್ಟ ಹನ್ನೊಂದು ವೆಬ್‌ಸೈಟುಗಳ ಬುಡದಲ್ಲೂ ಆ ಸಂಸ್ಥೆಯ ಹೆಸರೇ ಇದೆ. ಮೂವತ್ತು ವರ್ಷ ಕಲ್ಲಿನ ಖಣಿಯಲ್ಲಿ ದುಡಿದ ಪೀರಮ್ಮ ಇದನ್ನು ಎತ್ತಿ ಆಡದ ದಿನವಿರಲಿಲ್ಲ.

“ನಾವು ಕಡದ ಕಲ್ಲಿಗೆ ಕೆಂಪು ಹಚ್ಚಿ ನಮ್ಮ ಗುರುತು ಹಾಕ್ತಿದ್ವಿ. ನಿನ್ನ ಕಲ್ಲಿಗೆ ಗುರುತೇ ಇಲ್ಲಲ್ಲ ಖೋಡಿ?”

ಆಗ ಬಂದದ್ದು ಚಿಂಚೋಳಿಯ ಹಮೀದಾಬೇಗಂ ಅವರ ಕೆಲಸ. ಇಪ್ಪತ್ತು ಹೆಂಗಸರನ್ನು ಕೂಡಿಸಿಕೊಂಡು ಕಡಕ್ ರೊಟ್ಟಿ ಬಡಿದು ಮಾರುವ ಅವರಿಗೆ ಸ್ವಂತ ವೆಬ್‌ಸೈಟ್ ಬೇಕಿತ್ತು. ಹೈದರಾಬಾದಿನ ಒಬ್ಬ ಹುಡುಗ ಆಗಲೇ ಒಂದು ಮಾದರಿ ತೋರಿಸಿದ್ದ. ಲುಂಬಿನಿ ಫೋನಿನಲ್ಲಿ ಕೇಳಿದ್ದು ಒಂದೇ: ಪುಟದ ಕೊನೆಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಇರಲಿ. “ಮೊದಲ ಕೆಲಸ ತೋರ್ಸು ಬೇಟಿ, ಆಮ್ಯಾಲೆ ಹೆಸರು” ಎಂದಿದ್ದರು ಅವರು. ಶನಿವಾರ ಸಂಜೆ ನಾಲ್ಕಕ್ಕೆ ಮನೆಗೇ ಬಂದು ನೋಡಿ, ಅಲ್ಲೇ ತೀರ್ಮಾನ ಹೇಳುವುದೆಂದು ಗೊತ್ತಾಯಿತು.

ಶನಿವಾರ ವಾಡಿಗೆ ರೊಟ್ಟಿ ಮುಟ್ಟಿಸಲು ಹೊರಟ ಟೆಂಪೊದಲ್ಲಿ ಅವರೂ ಕುಳಿತರು. ಸೇಡಂ, ಚಿತ್ತಾಪುರ ದಾಟಿ, ವಾಡಿಯಲ್ಲಿ ರೊಟ್ಟಿ ಇಳಿಸಿ ಟೆಂಪೊ ಬೇಗ ಬಂತು. ಶಹಾಬಾದಿನ ಬಾಗಿಲಲ್ಲಿ ಅವರು ನಿಂತಾಗ ಮಧ್ಯಾಹ್ನ ಹನ್ನೆರಡು. ಲುಂಬಿನಿ ಇನ್ನೂ ನೆಲದ ಮೇಲೆ ಮೊಣಕಾಲೂರಿದ್ದಳು. ಲ್ಯಾಪ್‌ಟಾಪಿನಲ್ಲಿ ಒಂದು ಗೆರೆಯೂ ಇರಲಿಲ್ಲ.

“ಅಲ್ಲೇ ನಿಂದ್ರಿ!” ಪೀರಮ್ಮ ಕೂಗಿದರು. “ಹೆಸರಿನ ಮ್ಯಾಲೆ ಕಾಲಿಟ್ಟೀರಿ!”

“ಯಾ ಅಲ್ಲಾ! ಯಾರ ಹೆಸರಿನ ಮ್ಯಾಲೆ?”

“ನಿಮ್ದೇ.”

ಹಮೀದಾಬೇಗಂ ಒಂದು ಕಾಲು ಎತ್ತಿ ನೋಡಿದರು. ಮೊಳದುದ್ದದ ಅಕ್ಷರಗಳಲ್ಲಿ ‘ಹಮೀದಾ ಕಡಕ್ ರೊಟ್ಟಿ’ ಎಂದಿತ್ತು.

“ಛಲೋ ಅದ. ಕಂಪ್ಯೂಟರ್‌ನ್ಯಾಗ ತೋರ್ಸು.”

“ಕಂಪ್ಯೂಟರ್‌ಗೆ ಇನ್ನಾ ಹೋಗಿಲ್ರಿ ಚಾಚಿ. ನಾಲ್ಕಕ್ಕ ಬರ್ತೀರಂತ…”

“ಆ ಹೈದರಾಬಾದಿನ ಪೋರ ರೊಟ್ಟಿ ಗಿರ್ರಂತ ತಿರುಗಿಸಿ ತೋರ್ಸಿದ. ನಿಂದೇನು, ಬರೀ ಖಡು?”

ಲುಂಬಿನಿ ಕೈಯಲ್ಲಿದ್ದ ಸುಣ್ಣದ ತುಂಡು ನೋಡಿದಳು. ತಿರುಗಿಸಲು ಆಕೆಯ ಬಳಿ ಏನೂ ಇರಲಿಲ್ಲ.

“ಚಾಚಿ, ನೀವೇ ಗಿರಾಕಿ ಆಗ್ರಿ,” ಎಂದಳು. “ಬಾಗಲದಿಂದ ನಡ್ಕೋತ ಬರ್ರಿ.”

ಮುಂದಿನ ಅರ್ಧ ಗಂಟೆ ಆ ಮನೆಯವರೆಲ್ಲ ಸೇರಿ ವೆಬ್‌ಸೈಟ್ ಆದರು. ಬುಟ್ಟಿಯ ಚಿತ್ರವಿದ್ದ ಫರಸಿಯ ಮೇಲೆ ಪೀರಮ್ಮ ನಿಜವಾದ ಬುಟ್ಟಿ ಹಿಡಿದು ಕುಳಿತರು. ಲುಂಬಿನಿಯ ತಂದೆ, ಪೀರಮ್ಮನ ಮಗ ದೇವಿಂದ್ರಪ್ಪ ವಾಡಿ ಜಂಕ್ಷನ್ನಿನ ರೈಲ್ವೆ ನೌಕರ, ಅಂದು ರಜೆಯಲ್ಲಿದ್ದರು. ‘ಹುಡುಕಿ’ ಎಂದು ಬರೆದ ಚೌಕದಲ್ಲಿ ಅವರನ್ನು ನಿಲ್ಲಿಸಲಾಯಿತು.

“ಶೇಂಗಾ ಚಟ್ನಿ ಎಲ್ಲದ್ರಿ?” ಹಮೀದಾಬೇಗಂ ಕೇಳಿದರು.

“ಶೇಂಗಾ ಚಟ್ನಿ ಪ್ಲಾಟ್‌ಫಾರ್ಮ್ ನಂಬರ್ ಮೂರು,” ಎಂದರು ದೇವಿಂದ್ರಪ್ಪ.

“ಟೈಮಿಗೆ ಅದ, ಇಲ್ಲಾ ಲೇಟೋ?”

“ಇಪ್ಪತ್ ನಿಮಿಷ ಲೇಟ್ ಅದ್ರಿ. ನಮ್ಮವ್ವ ಇನ್ನಾ ಕುಟ್ಟಾಕತ್ತಾಳ.”

ಮೂರನೇ ಫರಸಿಯಲ್ಲಿ ಇಟ್ಟಿದ್ದ ಚಟ್ನಿ ಡಬ್ಬಿ ಪೀರಮ್ಮನ ಬುಟ್ಟಿಗೆ ಬಿತ್ತು. ಗಿರಾಕಿ ಮನಸ್ಸು ಬದಲಿಸಿದರು. “ಬ್ಯಾಡ, ವಾಪಸ್ ತಗೀರಿ.”

“ಬುಟ್ಯಾಗ ಬಿದ್ದದ್ದು ವಾಪಸ್ ಇಲ್ಲ.”

“ಅರೆ! ಅಂಗಡಿ ನಂದು, ಚಟ್ನಿ ನಂದು!”

“ಇರಲಿ. ಬುಟ್ಟಿ ನಂದು.”

ಲುಂಬಿನಿ ಓಡಿಬಂದು ಬುಟ್ಟಿಯ ಪಕ್ಕ ನೀಲಿಯಲ್ಲಿ ‘ತೆಗೆ’ ಎಂದು ಬರೆದಳು. ಪೀರಮ್ಮ ಸರಿದು ಅದರ ಮೇಲೆಯೇ ಕುಳಿತರು. ಹಮೀದಾಬೇಗಂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ತಮ್ಮ ಹೆಸರಿನ ಮೇಲೆಯೇ ಕುಸಿದು ಕುಳಿತರು. ಎದ್ದಾಗ ಅವರ ಸೀರೆಗೆ ‘ಕಡಕ್’ ಅಂಟಿಕೊಂಡಿತ್ತು.

ಮತ್ತೆ ನಡೆದರು. ‘ಎಷ್ಟು ರೊಟ್ಟಿ?’ ಎಂಬ ಫರಸಿಗೆ ಬಂದು ನಿಂತರು. ನಿಂತೇ ಇದ್ದರು. ಪಕ್ಕದ ಯಂತ್ರವೂ ಅದೇ ಹೊತ್ತಿಗೆ ನಿಂತಿತು. ಲುಂಬಿನಿ ನೀರಿಗೆ ಹೋಗಲಿಲ್ಲ. ಪೀರಮ್ಮ ಈ ಫರಸಿಯನ್ನು ಸಲೀಸಾಗಿ ದಾಟಿದ್ದರು.

“ಏನಾತ್ರಿ ಚಾಚಿ?”

“ಎಷ್ಟು ಅಂತ ನನಗ ಹ್ಯಾಂಗ ಗೊತ್ತು? ಫೋನ್ ಮಾಡಾವ್ರು ಯಾರೂ ರೊಟ್ಟಿ ಎಣಿಸಿ ಕೇಳಂಗಿಲ್ಲ ಬೇಟಿ. ಬಸುರಿ ಮಗಳ ಕುಬ್ಸದ ಕಾರ್ಯ ಅದ, ಅರವತ್ತು ಮಂದಿ ಬರ್ತಾರ ಅಂತಾರ. ಎಣಿಸಾವ್ರು ನಾವು.” ಕಾಲಬೆರಳಿನಿಂದ ಫರಸಿ ತೋರಿಸಿ ಹೇಳಿದರು, “ಆ ಪೋರನೂ ಹಿಂಗೇ ಕೇಳಿದ್ದ ನೋಡು. ಕುಂತು ನೋಡಿದ್ದಕ್ಕ ನನಗ ತಿಳೀಲಿಲ್ಲ, ನಡದಾಗ ತಿಳೀತು.”

“ಮಂದಿಗೆ ಎರಡು,” ಪೀರಮ್ಮ ಬುಟ್ಟಿಯ ಹಿಂದಿನಿಂದ ಹೇಳಿದರು. “ಎಣ್ಣಿಗಾಯಿ ಇದ್ರ ಮೂರು.”

ಲುಂಬಿನಿ ಅಂಗೈಯಿಂದಲೇ ಫರಸಿ ಒರೆಸಿದಳು. ‘ಎಷ್ಟು ಮಂದಿ?’ ಎಂದು ಬರೆದಳು. ಅದರ ಕೆಳಗೆ ‘ಪಲ್ಯ ಏನು?’ ಎಂದು ಬರೆದು, ಎರಡಕ್ಕೂ ನೀಲಿ ಗೆರೆ ಎಳೆದು ಹಿಂದೆ ಸರಿದಳು.

ಹಮೀದಾಬೇಗಂ ಬಾಗಿಲಿಗೆ ಹೋಗಿ ಮೊದಲಿನಿಂದ ಶುರು ಮಾಡಿದರು. ಹೆಸರು ದಾಟಿದರು, ಅರವತ್ತು ಮಂದಿ ಎಂದರು, ಎಣ್ಣಿಗಾಯಿ ಎಂದರು, ಎಲ್ಲಿಯೂ ನಿಲ್ಲದೆ ಕೊನೆಯ ನೀಲಿ ಚೌಕಕ್ಕೆ ಬಂದರು. ದೇವಿಂದ್ರಪ್ಪ ಹೆಗಲ ಮೇಲಿನ ಹಸಿರು ಟವೆಲ್ ತೆಗೆದು ಗಾರ್ಡಿನಂತೆ ಬೀಸಿದರು. “ಗಾಡಿ ಪಾಸ್!”

“ಬಾಯಿ ಒಣಗ್ತು. ಒಂದೀಟು ನೀರು ಕೊಡ್ರಿ.”

ಪೀರಮ್ಮ ಎದ್ದರು. ಪುಟದ ಕೊನೆಯ ಸಾಲಿನ ಮೂಲೆಯಲ್ಲಿ ನೀರಿನ ಕೊಡವಿತ್ತು. ಮೇಲೆ ಲೋಟವೂ ಇತ್ತು. ಪೀರಮ್ಮ ಲೋಟ ಮುಟ್ಟದೆ ಇಡೀ ಕೊಡವನ್ನೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. “ಆಯಿ!” ಎಂದು ಲುಂಬಿನಿ ಕೂಗುವಷ್ಟರಲ್ಲಿ ತಡವಾಗಿತ್ತು. ಕೊಡದ ಕೆಳಗೆ, ಒದ್ದೆ ಕಲ್ಲಿನ ಮೇಲೆ, ಅರ್ಧ ಅಳಿಸಿದ ಗುಲಾಬಿ ಅಕ್ಷರಗಳು: ಲುಂಬಿನಿ, ಶಹಾಬಾದ.

“ಇದ್ಯಾಕ ಮುಚ್ಚಿಟ್ಟಿದ್ದಿ?”

“ನೀವು ಹೂಂ ಅಂದ ಮ್ಯಾಲೆ ತೋರಸಬೇಕಂತ ಮಾಡಿದ್ನಿರಿ.”

ಹಮೀದಾಬೇಗಂ ನೀರು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. “ಹೂಂ. ಈಗ ಒರೆಸಿ ಬಿಳೀ ಖಡೂಲೆ ಬರಿ. ಕಣ್ಣಿಗೆ ಕಾಣಂಗಿಲ್ಲ ಇದು.”

ನೆಲವನ್ನು ನಾಲ್ಕು ದಿನ ಯಾರೂ ತೊಳೆಯಲಿಲ್ಲ. ಊಟ ಒಳದಾರಿಯಲ್ಲಿ, ಮೊಬೈಲ್ ಪುಟದ ಮೇಲೆ ನಡೆಯಿತು. ಹದಿನೆಂಟನೇ ದಿನ ಬೆಳಿಗ್ಗೆ ವೆಬ್‌ಸೈಟ್ ತೆರೆಯಿತು. ಹತ್ತೇ ನಿಮಿಷಕ್ಕೆ ವಾಡಿಯಿಂದ ಮೊದಲ ಆರ್ಡರ್ ಬಂತು: ಅರವತ್ತು ಮಂದಿ, ಎಣ್ಣಿಗಾಯಿ. ವಿಶೇಷ ಸೂಚನೆ ಬರೆಯುವ ಜಾಗದಲ್ಲಿ ಹೀಗಿತ್ತು: ‘ರೊಟ್ಟಿ ಬ್ಯಾಡ್ರಿ. ಕೆಳಗ ಮಗಳ ಹೆಸರು ಬಂದದೋ ಇಲ್ಲೋ ನೋಡ್ಲಿಕ್ಕಂತ ಒತ್ತೀನಿ. ದೇವಿಂದ್ರಪ್ಪ.’

ಹಮೀದಾಬೇಗಂ ಕೂಡಲೇ ಫೋನ್ ಮಾಡಿದರು. “ಬುಟ್ಯಾಗ ಬಿದ್ದದ್ದು ವಾಪಸ್ ಇಲ್ಲಂತ ನಿಮ್ಮವ್ವನೇ ಹೇಳ್ಯಾರ, ಭಾಯಿ.”

ಮರುದಿನ ನೂರಾ ಎಂಬತ್ತು ರೊಟ್ಟಿ ವಾಡಿ ಜಂಕ್ಷನ್ನಿಗೆ ಬಂದಿಳಿದವು. ಡ್ಯೂಟಿ ಮುಗಿಸಿ ಬಂದವರಿಗೂ ಡ್ಯೂಟಿಗೆ ಹೊರಟವರಿಗೂ ದೇವಿಂದ್ರಪ್ಪ ಮೂರು ಮೂರು ಹಂಚಿದರು. ರೊಟ್ಟಿ ಕೈಗೆ ಕೊಡುವ ಮೊದಲು ಒಬ್ಬೊಬ್ಬರ ಮುಖದ ಮುಂದೆಯೂ ತಮ್ಮ ಫೋನು ಹಿಡಿಯುತ್ತಿದ್ದರು.

“ಕೆಳಗ ಬರ್ರಿ. ಇನ್ನಾ ಕೆಳಗ. ಹಾಂ, ಅಲ್ಲಿ. ಓದ್ರಿ ಈಗ, ಜೋರಾಗಿ.”